ಇಟ್ಟಿಗೆ ಗೋಡೆಗೆ ಆ್ಯಸಿಡ್ ಸುರಿಯುವ ಮುನ್ನ

ಗಿಲಾವು ಮಾಡದ ಹಳೆಯ ಇಟ್ಟಿಗೆ ಗೋಡೆ ಕಪ್ಪುಗಟ್ಟಿದರೆ ಮನೆಯವರಿಗೆ ಮೊದಲು ನೆನಪಾಗುವುದು ಆ್ಯಸಿಡ್ ಬಾಟಲಿ, ಇಲ್ಲವೇ ಕಾರು ತೊಳೆಯುವ ಪ್ರೆಶರ್ ವಾಷರ್. ಎರಡರಿಂದಲೂ ಕೊಳೆ ಹೋಗುತ್ತದೆ. ಜೊತೆಗೆ ಗೋಡೆಯೂ ಒಂದಿಷ್ಟು ಹೋಗುತ್ತದೆ.

ಗೂಡಿನಲ್ಲಿ ಸುಡುವಾಗ ಇಟ್ಟಿಗೆಯ ಹೊರಮೈ ಒಳಭಾಗಕ್ಕಿಂತ ಗಟ್ಟಿಯಾಗುತ್ತದೆ. ಕೈಯಲ್ಲಿ ಅಚ್ಚು ಹಾಕಿದ ಹಳೆಯ ಇಟ್ಟಿಗೆಗೆ ಮಳೆ ಬಿಸಿಲಿನಿಂದ ರಕ್ಷಣೆ ಈ ತೆಳು ಪದರವೇ. ಅದು ಕಿತ್ತುಹೋದರೆ ಒಳಗಿನ ಮೆತ್ತನೆಯ ಭಾಗ ಬಯಲಾಗಿ, ಗೋಡೆ ಹೆಚ್ಚು ನೀರು ಕುಡಿದು, ಪಾಚಿ ಮೊದಲಿಗಿಂತ ಬೇಗ ಹಿಡಿಯುತ್ತದೆ. ಅದಕ್ಕೇ ಮರಳು ಸಿಡಿಸುವ ಸ್ಯಾಂಡ್‌ಬ್ಲಾಸ್ಟಿಂಗ್ ಹಳೆಯ ಇಟ್ಟಿಗೆಗೆ ಸಲ್ಲದು. ನೀರಿನ ವಿಷಯದಲ್ಲಿ ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಸಲಹೆ, ತೀರ ಕಡಿಮೆ ಒತ್ತಡದಿಂದ ಶುರುಮಾಡಿ, ಬೇಕಾದರಷ್ಟೇ 300–400 ಪಿಎಸ್‌ಐವರೆಗೆ ಹೋಗಿ ಎಂದು. ಮನೆಬಳಕೆಯ ವಾಷರ್ ಮೇಲೆ 100 ಬಾರ್ ಎಂದು ಬರೆದಿದ್ದರೆ ಅದು ಸುಮಾರು 1450 ಪಿಎಸ್‌ಐ. ತೋಟದ ಪೈಪು ಸಾಕು.

ಆ್ಯಸಿಡ್‌ನದು ಇನ್ನೊಂದು ಕಥೆ. ಹಳೆಯ ಗೋಡೆಯ ಸಂದುಗಳಲ್ಲಿರುವುದು ಸಾಮಾನ್ಯವಾಗಿ ಸುಣ್ಣದ ಗಾರೆ. ಹೈಡ್ರೋಕ್ಲೋರಿಕ್ ಆ್ಯಸಿಡ್ ತಾಗಿದ ಕಡೆ ನೊರೆ ಬರುವುದನ್ನು ಕಂಡು ಕೊಳೆ ಕರಗುತ್ತಿದೆ ಎಂದು ಖುಷಿಪಡುವವರಿದ್ದಾರೆ. ಕರಗುತ್ತಿರುವುದು ಸುಣ್ಣ, ನೊರೆ ಅದರಿಂದ ಹೊರಟ ಕಾರ್ಬನ್ ಡೈಆಕ್ಸೈಡ್. ಉಳಿದ ಕ್ಯಾಲ್ಸಿಯಂ ಕ್ಲೋರೈಡ್ ಇಟ್ಟಿಗೆಯೊಳಗೆ ಇಳಿದು ತೇವ ಹೀರುತ್ತ ಕೂರುತ್ತದೆ. ಬ್ಲೀಚಿಂಗ್ ಪುಡಿ ಹಾಕಿದ ಗೋಡೆಗೆ ಆ್ಯಸಿಡ್ ಸೇರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ. ಅದು ಪ್ರಾಣಕ್ಕೇ ಅಪಾಯ.

ಹಾಗಾದರೆ ಏನು ಮಾಡಬೇಕು? ಮೊದಲು ಕೊಳೆ ಯಾವುದೆಂದು ನೋಡಿ. ಬಿಳಿ ಹುಡಿಯಾದರೆ ಅದು ಗೋಡೆ ಒಣಗುವಾಗ ಹೊರಬಂದ ಉಪ್ಪು. ಅದಕ್ಕೆ ನೀರು ಹಾಕಿದರೆ ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಣ ಬ್ರಷ್‌ನಿಂದ ಉದುರಿಸಿ, ಪುಡಿಯನ್ನು ಗೋಡೆಯ ಬುಡದಲ್ಲಿ ಬಿಡದೆ ಗುಡಿಸಿ ತೆಗೆಯಿರಿ. ಹಸಿರು, ಕಪ್ಪು ಪಟ್ಟೆಗಳು ಪಾಚಿಯವು. ಮೇಲೆ ನೋಡಿದರೆ ಸಾಮಾನ್ಯವಾಗಿ ತುಂಬಿ ಹರಿಯುವ ಟ್ಯಾಂಕೋ ಒಡೆದ ಪೈಪೋ ಸಿಗುತ್ತದೆ. ಅದನ್ನು ಸರಿಮಾಡದೆ ಉಜ್ಜುವುದು ವ್ಯರ್ಥ ದುಡಿಮೆ. ಸೋರಿಕೆ ನಿಂತು ಗೋಡೆ ಒಣಗಿದ ಮೇಲೆ ಎಷ್ಟೋ ಪಾಚಿ ಮರದ ಚಕ್ಕೆಯಿಂದ ಕೆರೆದರೇ ಉದುರುತ್ತದೆ.

ಉಳಿದದ್ದು ರಸ್ತೆಯ ಧೂಳು, ಹೊಗೆಯ ಮಸಿ. ಇದಕ್ಕೆ ನೀರು, ನೈಲಾನ್ ಅಥವಾ ತೆಂಗಿನ ನಾರಿನ ಬ್ರಷ್, ಬಕೆಟ್ಟಿಗೆ ತುಸು ಪಾತ್ರೆ ತೊಳೆಯುವ ದ್ರವ ಸಾಕು. ವಾಷಿಂಗ್ ಸೋಡಾ ಬೇಡ, ಅದೂ ಉಪ್ಪೇ. ತಂತಿ ಬ್ರಷ್ಷೂ ಬೇಡ: ಮುರಿದ ಉಕ್ಕಿನ ಚೂರುಗಳು ಗೋಡೆಯಲ್ಲಿ ಉಳಿದು ತುಕ್ಕಿನ ಕಲೆ ಬಿಡುತ್ತವೆ. ಹಿತ್ತಿಲ ಕಡೆಯ ಒಂದು ಮೊಳದಷ್ಟು ಜಾಗದಲ್ಲಿ ಪ್ರಯೋಗ ಮಾಡಿ, ಪೂರ್ತಿ ಒಣಗಿದ ಮೇಲೆ ತೀರ್ಮಾನಿಸಿ; ಒದ್ದೆ ಇಟ್ಟಿಗೆ ಯಾವಾಗಲೂ ಚೆಂದ ಕಾಣುತ್ತದೆ. ಸೋಪು ಹಚ್ಚುವ ಮುನ್ನ ಗೋಡೆಯನ್ನು ನೆನೆಸಿ, ಕೆಳಗಿನಿಂದ ಮೇಲಕ್ಕೆ ಉಜ್ಜುತ್ತ ಹೋಗಿ. ಮೇಲಿನಿಂದ ಶುರುಮಾಡಿದರೆ ಕೊಳೆನೀರು ಕೆಳಗಿನ ಇನ್ನೂ ಉಜ್ಜದ ಇಟ್ಟಿಗೆಗೆ ಇಳಿದು ಗೆರೆ ಬೀಳುತ್ತದೆ. ಕೊನೆಯ ತೊಳೆತ ಮಾತ್ರ ಮೇಲಿನಿಂದ ಕೆಳಕ್ಕೆ. ಮಳೆಗಾಲ ಮುಗಿದ ಮೇಲೆ ಮಾಡಿದರೆ ಗೋಡೆಗೆ ಆರಲು ಸಮಯ ಸಿಗುತ್ತದೆ.

ತೊಳೆದ ಮೇಲೆ ಸಂದುಗಳಲ್ಲಿ ಗಾರೆ ಉದುರಿದ್ದು ಕಾಣುತ್ತದೆ. ಮೇಸ್ತ್ರಿ ಸಿಮೆಂಟು ಕಲಸಲು ಹೊರಟರೆ ತಡೆಯಿರಿ. ಸಿಮೆಂಟ್ ಪಾಯಿಂಟಿಂಗ್ ಇಟ್ಟಿಗೆಗಿಂತ ಗಟ್ಟಿ. ಸಂದಿನಿಂದ ಹೊರಹೋಗಬೇಕಾದ ತೇವಕ್ಕೆ ದಾರಿ ಇಲ್ಲದೆ ಅದು ಇಟ್ಟಿಗೆಯ ಮೂಲಕವೇ ಹೊರಟು ಅದರ ಹೊರಮೈಯ ಚಕ್ಕೆ ಎಬ್ಬಿಸುತ್ತದೆ. ಸುಣ್ಣ, ಮರಳಿನ ಗಾರೆಯನ್ನೇ ತುಂಬಿಸಿ.

ಅಂಗಡಿಯವರು ಹೊಳಪಿನ ಸೀಲರ್ ತೋರಿಸುತ್ತಾರೆ. ಹಳೆಯ ಗೋಡೆಗೆ ನಾನಂತೂ ಬೇಡ ಎನ್ನುತ್ತೇನೆ. ಆ ದುಡ್ಡಿನಲ್ಲಿ ಕಿಟಕಿ ಮೇಲಿನ ಸಜ್ಜಾದ ಅಡಿಯಂಚಿಗೆ ಒಂದು ತೋಡು ಕೊರೆಸಿ. ಮಳೆನೀರು ಗೋಡೆಗೆ ಹರಿಯದೆ ಅಲ್ಲಿಂದಲೇ ತೊಟ್ಟಿಕ್ಕುತ್ತದೆ.