ಸುನ್ನತಿಯಿಂದ ಎಚ್‌ಐವಿ ತಡೆಯಬಹುದೇ?

ಹೈದರಾಬಾದಿನ ಮುಸ್ಲಿಂ ಮನೆಗಳಲ್ಲಿ ಸುನ್ನತಿ ಗಂಡುಮಕ್ಕಳಿಗೆ ಮಾಡಿಸುವ ಧಾರ್ಮಿಕ ಸಂಸ್ಕಾರ. ಹಿಂದೂಗಳು ಅದಕ್ಕಾಗಿ ಆಸ್ಪತ್ರೆಗೆ ಹೋಗುವುದು ಹೆಚ್ಚಾಗಿ ಮುಂದೊಗಲು ಬಿಗಿದು ಹಿಂದೆ ಸರಿಯದಿದ್ದಾಗ, ಇಲ್ಲವೇ ಸಕ್ಕರೆ ಕಾಯಿಲೆಯಿಂದ ಅಲ್ಲಿ ಪದೇ ಪದೇ ಸೋಂಕಾದಾಗ. ಕಲಬುರಗಿ, ಬೀದರ್, ರಾಯಚೂರಿನಿಂದ ಚಿಕಿತ್ಸೆಗೆಂದು ಅಲ್ಲಿಗೆ ಹೋಗುವ ನಮ್ಮವರಲ್ಲೂ ಇದೇ ರೂಢಿ. ಈ ಶಸ್ತ್ರಚಿಕಿತ್ಸೆ ಎಚ್‌ಐವಿಯನ್ನೂ ತಡೆಯುತ್ತದೆ ಎನ್ನುತ್ತಾರೆ. ಅದರಲ್ಲಿ ಎಷ್ಟು ನಿಜ?

ತಡೆಯುವುದು ಹೇಗೆ?

ಮುಂದೊಗಲಿನ ಒಳಮೈ ತೆಳುವಾಗಿ, ತೇವವಾಗಿರುತ್ತದೆ. ಎಚ್‌ಐವಿ ಮೊದಲು ಹಿಡಿಯುವ ಜೀವಕೋಶಗಳು ಅಲ್ಲಿ ಮೇಲ್ಪದರಕ್ಕೆ ತೀರಾ ಹತ್ತಿರ ಇರುತ್ತವೆ. ಆ ಚರ್ಮ ತೆಗೆದರೆ ವೈರಾಣು ಗಂಡಸಿನ ದೇಹ ಹೊಗುವ ಒಂದು ಮುಖ್ಯ ದಾರಿ ಮುಚ್ಚುತ್ತದೆ.

ಕೀನ್ಯಾದ ಕಿಸುಮು ನಗರದಲ್ಲಿ 2,784 ಯುವಕರನ್ನು ಎರಡು ಗುಂಪು ಮಾಡಿ ಸುಮಾರು ಎರಡು ವರ್ಷ ಗಮನಿಸಲಾಯಿತು. ಸುನ್ನತಿಯಾದವರಲ್ಲಿ 22 ಮಂದಿಗೆ, ಆಗದವರಲ್ಲಿ 47 ಮಂದಿಗೆ ಸೋಂಕು ತಗುಲಿತು. ದಕ್ಷಿಣ ಆಫ್ರಿಕಾ, ಉಗಾಂಡಾಗಳ ಅಧ್ಯಯನಗಳೂ ಇದನ್ನೇ ಹೇಳಿದವು: ಹೆಣ್ಣಿನಿಂದ ಗಂಡಿಗೆ ಹರಡುವ ಅಪಾಯ ಸುಮಾರು ಶೇ 60ರಷ್ಟು ಇಳಿಯುತ್ತದೆ. ಆದರೆ ಆ 22 ಮಂದಿಯನ್ನು ಮರೆಯಬಾರದು. ಸುನ್ನತಿಯಾಗಿದ್ದರೂ ಅವರಿಗೆ ಸೋಂಕು ಬಂತು.

ಯಾರಿಗೆ ರಕ್ಷಣೆಯಿಲ್ಲ?

ಗಂಡನಿಗೆ ಎಚ್‌ಐವಿ ಇದ್ದರೆ ಅವನ ಸುನ್ನತಿ ಹೆಂಡತಿಯನ್ನು ಕಾಯುವುದಿಲ್ಲ. ಸೂಜಿ, ರಕ್ತದ ಮೂಲಕ ಬರುವ ಸೋಂಕಿಗೂ ಅದು ತಡೆಯಲ್ಲ.

ನಮ್ಮ ಜನ ಏನೆನ್ನುತ್ತಾರೆ?

ಮೈಸೂರಿನಲ್ಲಿ 795 ತಾಯಂದಿರನ್ನು ಕೇಳಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಲಾಭ, ಅಪಾಯ ಎರಡನ್ನೂ ತಿಳಿಸಿದ ಮೇಲೆ, ಮಕ್ಕಳಿಗೆ ಸುನ್ನತಿ ಮಾಡಿಸಿರದ ತಾಯಂದಿರಲ್ಲಿ ಶೇ 81ರಷ್ಟು ಮಂದಿ, ಆಸ್ಪತ್ರೆಯಲ್ಲಿ ಸುರಕ್ಷಿತವಾಗಿ, ಉಚಿತವಾಗಿ ಮಾಡುವುದಾದರೆ ಖಂಡಿತ ಮಾಡಿಸುತ್ತೇವೆ ಎಂದರು. ಬೆಳಗಾವಿಯೂ ಸೇರಿದಂತೆ ನಾಲ್ಕು ನಗರಗಳಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಧರ್ಮದ ಗುರುತೇ ದೊಡ್ಡ ತೊಡಕಾಗಿ ಕಂಡಿತು. ತಿಳಿಸಿ ಹೇಳಿದರೆ ಜನ ಕೇಳುತ್ತಾರೆ. ಆದರೆ ‘ನಮ್ಮದು, ಅವರದು’ ಎಂಬ ಲೆಕ್ಕ ಶುರುವಾದರೆ ಆರೋಗ್ಯದ ಮಾತು ಅಲ್ಲಿಗೇ ನಿಲ್ಲುತ್ತದೆ.

ಭಾರತಕ್ಕೆ ಬೇಕೇ?

2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿದ್ದು ಮುಖ್ಯವಾಗಿ ಜನಸಾಮಾನ್ಯರಲ್ಲೇ ಎಚ್‌ಐವಿ ವ್ಯಾಪಕವಾಗಿರುವ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ದೇಶಗಳಿಗೆ. ಭಾರತದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಸುಮಾರು ಶೇ 0.2. ತೆಲಂಗಾಣ, ಕರ್ನಾಟಕಗಳಲ್ಲಿ ಅದು ಸರಿಸುಮಾರು ಇಮ್ಮಡಿ. ಆದರೂ ಊರಿಗೆ ಊರೇ ಮಾಡಿಸಿಕೊಳ್ಳಬೇಕಾದ ಪರಿಸ್ಥಿತಿ ಇಲ್ಲಿಲ್ಲ.

ಮಾಡಿಸಿಕೊಳ್ಳುವುದಾದರೆ

ನುರಿತ ಸರ್ಜನ್ ಬಳಿಯೇ ಹೋಗಿ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ. ಗಾಯ ಪೂರ್ತಿ ಮಾಯಲು ಆರು ವಾರ ಬೇಕು. ಅಲ್ಲಿಯವರೆಗೆ ಲೈಂಗಿಕ ಸಂಪರ್ಕ ಬೇಡ. ರಕ್ತ ನಿಲ್ಲದಿದ್ದರೆ, ಕೀವು, ಜ್ವರ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಸುನ್ನತಿ ಆಗಿರಲಿ, ಆಗದಿರಲಿ, ಕಾಂಡೋಮ್ ಬಿಡಬೇಡಿ. ಸೋಂಕು ತಗುಲಿರಬಹುದೆಂಬ ಭಯವಿದ್ದರೆ 72 ಗಂಟೆಯೊಳಗೆ ಆಸ್ಪತ್ರೆ ತಲುಪಿ. ತಡೆ ಔಷಧ ಶುರುಮಾಡಲು ಅದೇ ಗಡುವು. ಹೈದರಾಬಾದಿನ ಉಸ್ಮಾನಿಯಾ, ಗಾಂಧಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಏನೇ ಅನುಮಾನವಿದ್ದರೂ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ ಕೇಳಿ, ಅದಕ್ಕೆ ಹಣ ಕೊಡಬೇಕಿಲ್ಲ.