ಆರ್ಕ್ ಒಳಗಿನ ಅನಿಲದ ಲೆಕ್ಕ



ಬಾಲಾಪುರ ಎಂದ ಕೂಡಲೇ ನಮ್ಮ ಹೈದರಾಬಾದಿನವರಿಗೆ ನೆನಪಾಗುವುದು ಗಣೇಶನ ಲಡ್ಡು ಹರಾಜು. ಅದೇ ಬಾಲಾಪುರದಲ್ಲಿ ಎ.ಆರ್.ಸಿ.ಐ. ಎಂಬ ಸಂಶೋಧನಾ ಸಂಸ್ಥೆಯೂ ಇದೆ. ಲೋಹದ ಮೇಲೆ ಗಟ್ಟಿ ಲೇಪನ ಕೊಡುವುದು ಅಲ್ಲಿನ ಮುಖ್ಯ ಕೆಲಸಗಳಲ್ಲಿ ಒಂದು. ಅದರಲ್ಲೊಂದು ಬಗೆ ಪ್ಲಾಸ್ಮಾ ಸ್ಪ್ರೇ.

ಪ್ಲಾಸ್ಮಾ ಟಾರ್ಚ್‌ನಲ್ಲಿ ಒಂದು ಟಂಗ್‌ಸ್ಟನ್ ಕಡ್ಡಿ, ಅದರ ಸುತ್ತ ನೀರು ಹರಿಸಿ ತಣ್ಣಗಿಟ್ಟ ತಾಮ್ರದ ನಳಿಕೆ. ಎರಡರ ನಡುವೆ ನೂರಾರು ಆಂಪಿಯರ್ ವಿದ್ಯುತ್ ಹರಿಯುತ್ತದೆ. ಆ ಆರ್ಕ್ ಮೂಲಕ ಊದಿದ ಅನಿಲ 10,000 ಡಿಗ್ರಿ ದಾಟುತ್ತದೆ. ಸೂರ್ಯನ ಮೇಲ್ಮೈ ಕೂಡ ಸುಮಾರು 5,500 ಡಿಗ್ರಿಯಷ್ಟೇ! ಈ ಜ್ವಾಲೆಗೆ ಜಿರ್ಕೋನಿಯಾ ಪುಡಿ ಬಿಟ್ಟರೆ, ಕರಗಿ ಹನಿಯಾಗಿ ಜೆಟ್ ಎಂಜಿನ್ನಿನ ಬ್ಲೇಡಿಗೆ ಅಂಟುತ್ತದೆ. ಅದು ಕರಗಲು ಸುಮಾರು 2,700 ಡಿಗ್ರಿ ಬೇಕು, ಸಿಗುವ ಸಮಯ ಸೆಕೆಂಡಿನ ಸಾವಿರದಲ್ಲಿ ಒಂದೆರಡು ಪಾಲು. ಅರೆಬೆಂದ ಕಣಗಳು ಹೆಚ್ಚಾದರೆ ಲೇಪನ ಮುಂದೊಂದು ದಿನ ಸಿಪ್ಪೆಯಂತೆ ಏಳುತ್ತದೆ. ಆಮೇಲೆ ಬ್ಲೇಡ್ ಬರಿಮೈಯಲ್ಲಿ ಉರಿ ತಡೆಯಬೇಕು.

ಬರೀ ಆರ್ಗಾನ್ ಪುಡಿಗೆ ಶಾಖ ದಾಟಿಸುವುದರಲ್ಲಿ ಸ್ವಲ್ಪ ಜಿಪುಣ. ಆದ್ದರಿಂದ ಕೊಂಚ ಹೈಡ್ರೋಜನ್ ಬೆರೆಸುತ್ತಾರೆ. 3,000 ಡಿಗ್ರಿ ದಾಟಿದ ಮೇಲೆ ಅದರ ಅಣು ಒಡೆದು ಶಾಖ ನುಂಗುತ್ತದೆ, ತಣ್ಣನೆಯ ಕಣದ ಬಳಿ ಮತ್ತೆ ಕೂಡಿ ಆ ಶಾಖವನ್ನು ಬಿಟ್ಟುಕೊಡುತ್ತದೆ. ಹಾಗಾದರೆ ಹೈಡ್ರೋಜನ್ ಜ್ವಾಲೆಯಲ್ಲಿ ಎಲ್ಲೆಲ್ಲಿ ಎಷ್ಟಿದೆ? ಅಲ್ಲಿಗೆ ಥರ್ಮಾಮೀಟರ್ ಇಳಿಸುವಂತಿಲ್ಲ. ಬೆಳಕನ್ನು ಪರೀಕ್ಷಿಸಿ ಒಂದಿಷ್ಟು ತಿಳಿಯಬಹುದು, ಉಳಿದದ್ದು ಕಂಪ್ಯೂಟರ್ ಲೆಕ್ಕ.

ಲೆಕ್ಕದ ಬುಡ ಸರಳ. ರಂಗೋಲಿ ಚುಕ್ಕಿಯಂತೆ ಜ್ವಾಲೆಯ ಜಾಗವನ್ನು ಸಾವಿರಾರು ಮನೆಗಳಾಗಿ ವಿಂಗಡಿಸುತ್ತಾರೆ. ಪ್ರತಿ ಮನೆಗೂ ಬಂದ ಅನಿಲವೆಷ್ಟು, ಹೋದದ್ದೆಷ್ಟು, ಶಾಖವೆಷ್ಟು, ವೇಗವೆಷ್ಟು ಎಂದು ಜಮಾ–ಖರ್ಚು ಬರೆಯುತ್ತಾರೆ. ಜೊತೆಗೆ ವಿದ್ಯುತ್ತಿನದೇ ಕಾಂತಬಲ ಆರ್ಕ್‌ ಅನ್ನು ಹಿಂಡಿ ಅನಿಲವನ್ನು ಮುಂದಕ್ಕೆ ತಳ್ಳುತ್ತದೆ, ಅದೂ ಸೇರಬೇಕು.

ಮಜಾ ಇರುವುದು ಬೆರೆಯುವ ಮಾತಿನಲ್ಲಿ. ಹಾಲಿಗೆ ಕಲಸಿದ ಸಕ್ಕರೆ ಮತ್ತೆ ಬೇರೆಯಾಗುವುದಿಲ್ಲ. ಆರ್ಕ್‌ನಲ್ಲಿ ಹಾಗಲ್ಲ: ಸಮನಾಗಿ ಬೆರೆಸಿ ಕಳಿಸಿದ ಎರಡು ಅನಿಲಗಳಲ್ಲಿ ಒಂದು ಬಿಸಿ ನಡುಭಾಗದಲ್ಲಿ ಹೆಚ್ಚು ಸೇರಿದರೆ ಇನ್ನೊಂದು ಅಂಚಿಗೆ ಸರಿಯುತ್ತದೆ. ಅಣು, ಪರಮಾಣು, ಅಯಾನು, ಎಲೆಕ್ಟ್ರಾನ್ ಒಂದೊಂದರ ಓಡಾಟವನ್ನೂ ಬೇರೆಬೇರೆಯಾಗಿ ಬರೆಯಹೊರಟರೆ ಲೆಕ್ಕ ಮುಗಿಯುವಂತಿಲ್ಲ. ಆಸ್ಟ್ರೇಲಿಯಾದ ಸಿ.ಎಸ್.ಐ.ಆರ್.ಒ. ಸಂಸ್ಥೆಯ ಆಂಥೋನಿ ಮರ್ಫಿ 1993ರಲ್ಲಿ ಇವನ್ನೆಲ್ಲ ಎರಡೇ ಅನಿಲಗಳ ಲೆಕ್ಕವಾಗಿ ಕಟ್ಟುವ ದಾರಿ ತೋರಿಸಿದರು. ನನಗಂತೂ ಇದು ದೊಡ್ಡ ಜಾಣತನವೆನಿಸುತ್ತದೆ.

ಇನ್ನೊಬ್ಬ ಕರೆಯದ ಅತಿಥಿ, ಹೊರಗಿನ ಗಾಳಿ. ಬಾಲಾನಗರದ ಕಡೆ ಆರ್ಗನ್ ವೆಲ್ಡಿಂಗ್ ಮಾಡುವವರು ಫ್ಯಾನ್ ಆರಿಸಿ ಕೂರುವುದು ಇದಕ್ಕೇ; ಗಾಳಿ ನುಗ್ಗಿದರೆ ಬೆಸುಗೆಯಲ್ಲಿ ತೂತುಗಳಾಗುತ್ತವೆ. ಪ್ಲಾಸ್ಮಾ ಜ್ವಾಲೆಯೋ ಸುತ್ತಲಿನ ತಣ್ಣನೆ ಗಾಳಿಯನ್ನು ತಾನೇ ಸುಳಿಸುಳಿಯಾಗಿ ಎಳೆದುಕೊಳ್ಳುತ್ತದೆ, ಬಿಸಿ ಬೇಗ ಇಳಿಯುತ್ತದೆ.

ಹಳೆಯ ಲೆಕ್ಕಗಳು ಆರ್ಕ್ ಅಲುಗಾಡದೆ ನಿಂತಿದೆ ಎಂದುಕೊಂಡೇ ನಡೆಯುತ್ತಿದ್ದವು. ನಿಜದಲ್ಲಿ ಅದರ ತುದಿ ತಾಮ್ರದ ಗೋಡೆಯ ಮೇಲೆ ಸೆಕೆಂಡಿಗೆ ಸಾವಿರಾರು ಸಲ ಜಿಗಿಯುತ್ತಿರುತ್ತದೆ. ಆ ಕುಣಿತವನ್ನು ಹಿಡಿಯುವ ಮೂರು ಆಯಾಮದ ಲೆಕ್ಕಗಳು ಈಗ ಬಂದಿವೆ, ಆದರೆ ಕಂಪ್ಯೂಟರನ್ನು ಬಹಳ ಹೊತ್ತು ದುಡಿಸುತ್ತವೆ. ಹಾಗಾಗಿ ಲೇಪನವನ್ನು ಕೊಯ್ದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಕರಗದೆ ಉಳಿದ ಕಣಗಳನ್ನು ಹುಡುಕುವ ಕೆಲಸ ಇನ್ನೂ ನಿಂತಿಲ್ಲ.