ಕಿತ್ತ ಹಲ್ಲಿನ ಗುಂಡಿಗೆ ನಮ್ಮದೇ ರಕ್ತ

ಹಲ್ಲು ಕೀಳುವ ಮೊದಲು ಡಾಕ್ಟರು ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆದರೆ, ದೊಡ್ಡಬಳ್ಳಾಪುರದ ಕಡೆಯವರಿರಲಿ, ಹೊಸಕೋಟೆಯವರಿರಲಿ, ಗಾಬರಿಯಾಗದವರು ಕಡಿಮೆ. “ಬಾಯಲ್ಲಿ ಹೋಗೋದು ಸಾಲದು ಅಂತ ಕೈಯಿಂದಲೂ ತೆಗೀತಾರಾ?” ಕೆಲವರಿಗೆ ಇನ್ಯಾರದೋ ರಕ್ತ ಬಾಯಿಗೆ ಹಾಕುತ್ತಾರೆಂಬ ಅನುಮಾನ ಬೇರೆ.

ತೆಗೆಯುವುದು ಒಂದು ಟ್ಯೂಬಿಗೆ ಸುಮಾರು 10 ಮಿಲಿಲೀಟರ್, ಎರಡು ಚಮಚದಷ್ಟು. ನಿಶ್ಶಕ್ತಿಯ ಮಾತೇ ಇಲ್ಲ. ಹೆಪ್ಪುಗಟ್ಟದಂತೆ ತಡೆಯುವ ಔಷಧ ಬೆರೆಸದೆ, ಕೂಡಲೇ ಯಂತ್ರದಲ್ಲಿಟ್ಟು ಹತ್ತು ಹನ್ನೆರಡು ನಿಮಿಷ ಗಿರಗಿರನೆ ತಿರುಗಿಸುತ್ತಾರೆ. ಕೆಂಪು ತಳಕ್ಕಿಳಿಯುತ್ತದೆ, ತಿಳಿ ಮೇಲೇರುತ್ತದೆ, ನಡುವೆ ಕೆನೆಮೊಸರಿನಂಥ ಹಳದಿ ಹೆಪ್ಪು ನಿಲ್ಲುತ್ತದೆ. ಇದೇ ಪಿಆರ್‌ಎಫ್, ಅಂದರೆ ಪ್ಲೇಟ್‌ಲೆಟ್ ರಿಚ್ ಫೈಬ್ರಿನ್; ಹಲ್ಲು ಕಿತ್ತ ಗುಂಡಿಯಲ್ಲಿಡುವುದು ಇದನ್ನೇ. ಫ್ರಾನ್ಸಿನ ಜೋಸೆಫ್ ಶುಕ್ರೂನ್ 2001ರಲ್ಲಿ ಈ ವಿಧಾನ ಮುಂದಿಟ್ಟರು. ಮಗ್ಗದ ಊರಿನವರಿಗೆ ಹೀಗೆ ಹೇಳಬಹುದು: ಅದು ಫೈಬ್ರಿನ್ ಎಳೆಗಳ ನೇಯ್ಗೆ. ಡೆಂಗಿ ಕಾಲದಲ್ಲಿ ಎಲ್ಲರೂ ಎಣಿಸುವ ಪ್ಲೇಟ್‌ಲೆಟ್‌ಗಳು ಆ ಎಳೆಗಳ ನಡುವೆ ಸಿಕ್ಕಿಕೊಂಡು, ಗಾಯ ಮಾಯಲು ಬೇಕಾದ ಗ್ರೋತ್ ಫ್ಯಾಕ್ಟರ್‌ಗಳನ್ನು ದಿನಗಟ್ಟಲೆ ಒಸರುತ್ತವೆ.

‘ಗ್ರೋತ್’ ಎಂದ ಕೂಡಲೇ ಹಲ್ಲು ಮತ್ತೆ ಮೊಳೆಯುತ್ತದೆ ಎಂದುಕೊಳ್ಳಬೇಡಿ. ಮಾಯುವುದು ಒಸಡು, ತುಂಬುವುದು ಗುಂಡಿ. ಮೂಳೆ ಹೆಚ್ಚು ಬೆಳೆಯುತ್ತದೆ ಎಂಬುದಕ್ಕೂ ಪುರಾವೆ ಗಟ್ಟಿಯಿಲ್ಲ. ಕೆಳದವಡೆಯ ಬುದ್ಧಿಹಲ್ಲು ತೆಗೆದಾಗ ನೋವು ಮತ್ತು ‘ಡ್ರೈ ಸಾಕೆಟ್’ ಕಾಟ ಕಡಿಮೆಯಾಗುತ್ತದೆ ಎಂಬುದಕ್ಕೆ ಹೆಚ್ಚು ಆಧಾರವಿದೆ. ಅಲ್ಲಾಡುತ್ತಿದ್ದ ಹಲ್ಲೊಂದನ್ನು ಸುಲಭವಾಗಿ ಕಿತ್ತಿದ್ದಕ್ಕೂ ಪಿಆರ್‌ಎಫ್ ಬೇಕೇ ಬೇಕು ಎಂದರೆ, ಏಕೆ ಎಂದು ಕೇಳಲು ಸಂಕೋಚ ಬೇಡ.

ಏಕೆಂದರೆ ಗುಂಡಿಯಲ್ಲಿ ತಾನಾಗಿ ಕಟ್ಟುವ ಹೆಪ್ಪಿನಲ್ಲೂ ಅದೇ ಫೈಬ್ರಿನ್, ಅದೇ ಪ್ಲೇಟ್‌ಲೆಟ್ ಇವೆ. ಅದೂ ಬಿಟ್ಟಿ! ನಾವು ಮಾಡುವುದೇನು? ಕೆಟ್ಟ ರಕ್ತ ಹೋಗಲಿ ಎಂದು ಉಗುಳುತ್ತೇವೆ, ಅಂದೇ ಉಪ್ಪುನೀರಿನಲ್ಲಿ ಗಳಗಳ ಮುಕ್ಕಳಿಸುತ್ತೇವೆ, ನೋವಿಗೆಂದು ಹೊಗೆಸೊಪ್ಪು ಒತ್ತಿಕೊಳ್ಳುತ್ತೇವೆ. ಹೆಪ್ಪು ಕಳಚಿ ಮೂಳೆ ಬಯಲಾಗುತ್ತದೆ. ಡ್ರೈ ಸಾಕೆಟ್ ಎಂದರೆ ಅದೇ. ಬೀಡಿ ಸೇದುವವರಿಗೆ ಅಪಾಯ ಇನ್ನೂ ಹೆಚ್ಚು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆಂದು ಹೆದರುವ ನಾವು, ಇದಕ್ಕೆ ಮಾತ್ರ ಹೆದರುವುದಿಲ್ಲ.

ಹಲ್ಲು ಕಿತ್ತ ಮೇಲೆ ಹತ್ತಿಯನ್ನು ಅರ್ಧ ಮುಕ್ಕಾಲು ಗಂಟೆ ಕಚ್ಚಿಕೊಂಡಿರಿ. ಉಪ್ಪುನೀರು ಮರುದಿನದಿಂದ, ಮೆಲ್ಲಗೆ. ಮುದ್ದೆ ಆರಿಸಿಕೊಂಡು ಇನ್ನೊಂದು ಬದಿಯಲ್ಲಿ ನುಂಗಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ಹೇಳಿ, ತಾವಾಗಿ ನಿಲ್ಲಿಸಬೇಡಿ. ಎರಡು ಮೂರು ದಿನವಾದ ಮೇಲೆ ನೋವು ಕಿವಿಯವರೆಗೆ ಏರಿದರೆ, ಲವಂಗ ಹುಡುಕದೆ ಹಲ್ಲು ಕಿತ್ತವರ ಬಳಿಗೇ ಹೋಗಿ.